ಐದು ತಂತಿ, ಆರು ಪಿನ್ನು

ಮೊದಲೇ ಹೇಳಿಬಿಡುತ್ತೇನೆ. ಆ ನಲವತ್ತು ಸೆನ್ಸರುಗಳ ತಂತಿ ಕತ್ತರಿಸಿದ ಕೈ ನನ್ನದೇ. ಕತ್ತರಿಸು ಅಂದ ಬಾಯಿ ಬೇರೆಯವರದು. ಆಮೇಲೆ ಪುಸ್ತಕದಲ್ಲಿ ಬರೆದದ್ದು ಇವೆರಡೂ ಅಲ್ಲ, ಮೂರನೇದು. ಆ ಮೂರನೇದಕ್ಕೆ ನಾನು ಒಪ್ಪಲಿಲ್ಲ. ಅಷ್ಟೇ ವಿಷಯ. ಆದರೆ ಒಪ್ಪದೆ ನಿಲ್ಲೋದಕ್ಕೆ ಎಂಟು ದಿನ ಹಿಡಿಯಿತು.

ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ಸಣ್ಣ ಯೂನಿಟ್ಟು. ಕೆಳಗೆ ಶೀಟಿನ ಶೆಡ್ಡು, ಮೇಲೆ ಆಫೀಸು. ಆಗ ಮೆಟ್ರೋ ಕಂಬಗಳು ಎದ್ದಿದ್ದವು, ರೈಲು ಬಂದಿರಲಿಲ್ಲ. ಬೆಸುಗೆ ಬೆಂಚಿನಲ್ಲಿ ನಾವಿಬ್ಬರು ಹೆಂಗಸರು: ನಾನು, ನನ್ನ ಪಕ್ಕಕ್ಕೆ ಬಾಗಲಕೋಟೆ ಕಡೆಯವಳು. ಅವಳು ಎಸ್ಸೆಸ್ಸೆಲ್ಸಿ ಪಾಸು, ನಾನು ಮೂರನೇ ಕ್ಲಾಸು. ಎಲೆಕ್ಟ್ರಾನಿಕ್ ಬೋರ್ಡಿನ ಬೆಸುಗೆ ಮುಗಿಸಿ, ಭೂತಗನ್ನಡಿಯಲ್ಲಿ ಒಂದೊಂದೂ ಕೀಲು ನೋಡಿ, ಸರಿ ಅನ್ನಿಸಿದ ಮೇಲೆ ಬೋರ್ಡಿನ ಮೂಲೆಗೆ ನೈಲ್ ಪಾಲಿಶಿನ ಒಂದು ಚುಕ್ಕೆ ಇಡುತ್ತೇವೆ. ಅವಳದು ಹಸಿರು, ನನ್ನದು ಕೆಂಪು. ಚುಕ್ಕೆ ಇಲ್ಲದ ಬೋರ್ಡು ಪ್ಯಾಕಿಂಗಿಗೆ ಹೋಗುವಂತಿಲ್ಲ. ಚುಕ್ಕೆ ಇಟ್ಟ ಮೇಲೆ ಆ ಬೋರ್ಡು ಎಲ್ಲಿ ಹೋಗಿ ಏನು ಮಾಡಿದರೂ ಬಂದು ನನ್ನನ್ನು ಕೇಳಬಹುದು. ಮೊಮ್ಮಗಳ ನೈಲ್ ಪಾಲಿಶ್ ಕದಿಯುತ್ತೀನಿ ಅಂತ ಮನೆಯಲ್ಲಿ ನಗುತ್ತಾರೆ. ನಗಲಿ.

ಆ ಸಲ ಬಂದ ಕೆಲಸ ಹೊಸದು. ಇಂಜಿನ್ ಟ್ಯೂನ್ ಮಾಡುವವರಿಗೆ ಒಂದು ಮೀಟರು. ಸೈಲೆನ್ಸರ್ ಪೈಪಿಗೆ ಒಂದು ಸೆನ್ಸರನ್ನು ತಿರುಪಿ ಕೂರಿಸಿದರೆ, ಹೊಗೆಯಲ್ಲಿ ಎಷ್ಟು ಆಕ್ಸಿಜನ್ ಉಳಿದಿದೆ ಅಂತ ಅದು ನೋಡುತ್ತದೆ. ಅದರ ಮೇಲೆ ಲೆಕ್ಕ ಹಾಕಿ, ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಸೇರಿ ಉರಿಯುತ್ತಿದೆ ಅಂತ ಮೀಟರು ಅಂಕಿಯಲ್ಲಿ ತೋರಿಸಬೇಕು. ಹದಿನಾಲ್ಕು ಪಾಯಿಂಟ್ ಏಳು ಬಂದರೆ ಸಮ. ಅದಕ್ಕಿಂತ ಇಳಿದರೆ ಪೆಟ್ರೋಲು ಜಾಸ್ತಿ, ಏರಿದರೆ ಪೆಟ್ರೋಲು ಕಡಿಮೆ. ಹಳೇ ಥರದ ಸೆನ್ಸರು ಜಾಸ್ತಿ, ಕಡಿಮೆ ಅಂತ ಮಾತ್ರ ಹೇಳುತ್ತಿತ್ತಂತೆ. ಇದು ಎಷ್ಟು ಜಾಸ್ತಿ, ಎಷ್ಟು ಕಡಿಮೆ ಅಂತಲೂ ಹೇಳುತ್ತದೆ. ಅದಕ್ಕೇ ಇದಕ್ಕೆ ವೈಡ್‌ಬ್ಯಾಂಡ್ ಅನ್ನುವುದು.

ಡಿಸೈನ್ ಮಾಡಿದವನು ನಮ್ಮ ಇಂಜಿನಿಯರ್. ಮೂವತ್ತರ ಆಸುಪಾಸಿನ ಮನುಷ್ಯ. ಕೆಟ್ಟವನಲ್ಲ. ಆದರೆ 'ನನಗೆ ಗೊತ್ತಿಲ್ಲ' ಅನ್ನುವ ಮಾತು ಅವನ ಬಾಯಿಂದ ಬಿದ್ದದ್ದನ್ನು ಅಲ್ಲಿವರೆಗೆ ಯಾರೂ ಕೇಳಿರಲಿಲ್ಲ. ಸ್ಯಾಂಪಲ್ ಅಂತ ಬಂದ ಒಂದೇ ಒಂದು ಸೆನ್ಸರನ್ನು ಕಟ್ಟಿಕೊಂಡು ಎರಡು ತಿಂಗಳು ಒದ್ದಾಡಿದ. ಮೀಟರಿನ ಎರಡು ಗುಂಡಿ ಒಟ್ಟಿಗೆ ಒತ್ತಿ ಹಿಡಿದರೆ ಒಳಗಿನ ಲೆಕ್ಕ ಬರುತ್ತಿತ್ತು: ನೂರಕ್ಕೆ ಎಷ್ಟು ಆಕ್ಸಿಜನ್ ಅಂತ. ಒಂದು ದಿನ ಸೆನ್ಸರನ್ನು ಬರೀ ಗಾಳಿಯಲ್ಲಿ ಹಿಡಿದು, ಬೋರ್ಡಿನ ಮೇಲಿನ ಒಂದು ರೆಸಿಸ್ಟರನ್ನು ಬದಲಾಯಿಸಿ ಬದಲಾಯಿಸಿ, ಇಪ್ಪತ್ತೊಂದು ಬಂದಾಗ ಚಪ್ಪಾಳೆ ಹೊಡೆದ. ಗಾಳಿಯಲ್ಲಿ ಇರಬೇಕಾದ್ದು ಅಷ್ಟೇ ಅಂತೆ. ನಾವೂ ಚಪ್ಪಾಳೆ ಹೊಡೆದೆವು. ಯಾಕೆ ಅಂತ ನನಗೆ ಆವತ್ತು ಪೂರ್ತಿ ತಿಳಿದಿರಲಿಲ್ಲ. ಆದರೆ ಇಪ್ಪತ್ತೊಂದು ಅನ್ನುವುದು ತಲೆಯಲ್ಲಿ ಕೂತಿತು.

ಆಮೇಲೆ ನಲವತ್ತು ಸೆನ್ಸರು ಬಂದವು, ವಿದೇಶದ್ದು. ಒಂದೊಂದರ ತುದಿಗೂ ಕಪ್ಪು ಪ್ಲಾಸ್ಟಿಕ್ಕಿನ ಚಪ್ಪಟೆ ಕನೆಕ್ಟರು. ಅದಕ್ಕೆ ಜೋಡಿಯಾಗುವ ಇನ್ನೊಂದು ಅರ್ಧವೂ ಹೊರಗಿನಿಂದಲೇ ಬರಬೇಕು, ಬಂದಿರಲಿಲ್ಲ. ಬೈಕ್ ರೇಸು ಹತ್ತಿರ ಇತ್ತು, ಮಾಲೀಕರು ಗ್ಯಾರೇಜುಗಳಿಗೆ ಮಾತು ಕೊಟ್ಟಾಗಿತ್ತು. ಇಂಜಿನಿಯರ್ ಇಳಿದು ಬಂದು ಸೆನ್ಸರಿನ ಪೆಟ್ಟಿಗೆ ನನ್ನ ಮುಂದೆ ಇಟ್ಟ.

"ಅಜ್ಜಿ, ಈ ಕನೆಕ್ಟರ್ ಕಟ್ ಮಾಡ್ಬಿಡಿ. ನಮ್ಮ ರೌಂಡ್ ಕನೆಕ್ಟರ್ ಹಾಕೋಣ."

ಪೀಣ್ಯದಲ್ಲಿ ಇದು ತಪ್ಪಲ್ಲ, ರೂಢಿ. ಹೊರದೇಶದ ಏನು ಬಂದರೂ ಅದರ ಮೂತಿ ಕತ್ತರಿಸಿ ಇಲ್ಲಿ ಸಿಗುವ ಸ್ಟೀಲಿನ ಗುಂಡು ಕನೆಕ್ಟರು ಹಾಕುತ್ತೇವೆ. ಅಂಥಾದ್ದು ಸಾವಿರ ಮಾಡಿದ್ದೇನೆ. ಆದರೆ ಕತ್ತರಿ ಹಾಕುವ ಮುಂಚೆ ಎಣಿಸುವುದು ನನ್ನ ಅಭ್ಯಾಸ. ಕೆಂಪು, ಹಳದಿ, ಬಿಳಿ, ಬೂದಿ, ಕಪ್ಪು. ತಂತಿ ಐದು. ಕನೆಕ್ಟರಿನ ಬಾಯಿ ತಿರುಗಿಸಿ ನೋಡಿದೆ. ಪಿನ್ನು ಆರು.

"ಸಾರ್, ತಂತಿ ಐದೇ ಐತೆ. ಪಿನ್ನು ಆರೈತೆ. ಆರನೇದು ಯಾಕೆ?"

"ಅದು ಸ್ಪೇರ್ ಅಜ್ಜಿ."

"ಸ್ಪೇರ್ ಪಿನ್ನಿಗೂ ಚಿನ್ನದ ನೀರು ಕುಡಿಸವ್ರಲ್ಲ ಸಾರ್?"

"ಅಜ್ಜೀ, ಕಟ್ ಮಾಡಿ."

ಕಟ್ ಮಾಡಿದೆ. ಒಂದು ಸಲ ಕೇಳಿದೆ, ಎರಡನೇ ಸಲ ಕೇಳಲಿಲ್ಲ.

ಕತ್ತರಿಸಿದ ಸೆನ್ಸರಿಗೆ ಒಂದರಿಂದ ನಂಬರು ಬರೆದು ಸ್ಟಿಕ್ಕರ್ ಹಚ್ಚಿದೆ. ಮೊದಲ ಹನ್ನೆರಡು ಕನೆಕ್ಟರುಗಳು ಬೆಂಚಿನ ಮೇಲೆ ಗುಡ್ಡೆ ಬಿದ್ದಿದ್ದವು. ಇಂಜಿನಿಯರ್ ಬಂದು, "ಏನಜ್ಜಿ, ಕಸ ಕೂಡಿಡ್ತೀರಾ" ಅಂತ ಅಂಗೈಯಲ್ಲಿ ಗೋರಿ ಡಬ್ಬಕ್ಕೆ ಹಾಕಿದ. ನನಗೆ ಸಿಟ್ಟು ಬಂತು. ಚಿನ್ನದ ನೀರು ಬಿದ್ದ ಸಾಮಾನನ್ನು ಕಸಕ್ಕೆ ಹಾಕುವ ಮನೆಯಲ್ಲಿ ನಾನು ಬೆಳೆದಿಲ್ಲ. ಹದಿಮೂರನೇದರಿಂದ ಒಂದೊಂದು ಕತ್ತರಿಸುತ್ತಲೂ ಅದರ ಕಿವಿಯ ತೂತಿನೊಳಗೆ ತಾಮ್ರದ ತಂತಿ ತೂರಿಸಿ ಪೋಣಿಸಿದೆ, ಕನಕಾಂಬರ ಕಟ್ಟಿದ ಹಾಗೆ. ಇಪ್ಪತ್ತೆಂಟರ ಸರ ಆಯಿತು. ಬೆಂಚಿನ ಕೆಳಗಿನ ಮೊಳೆಗೆ ನೇತು ಹಾಕಿದೆ. ಏನೋ ಉದ್ದೇಶ ಇತ್ತು ಅಂತ ಈಗ ಹೇಳಿದರೆ ಸುಳ್ಳಾಗುತ್ತದೆ. ಕಸಕ್ಕೆ ಹಾಕಬಾರದು ಅನ್ನುವುದೊಂದೇ ಇದ್ದದ್ದು.

ಆ ಸೆನ್ಸರಿನ ತಂತಿ ಸುಲಭಕ್ಕೆ ಬೆಸುಗೆ ಹಿಡಿಯುವುದಿಲ್ಲ. ಮೊಂಡು ತಂತಿ. ಕೆರೆದು, ಫ್ಲಕ್ಸ್ ಹಚ್ಚಿ, ಬಿಸಿ ಒಂದು ಹಂತ ಏರಿಸಿ, ಮೊದಲು ತಂತಿಗೆ ಬೆಸುಗೆ ಕುಡಿಸಿ ಆಮೇಲೆ ಪಿನ್ನಿಗೆ ಕೂರಿಸಬೇಕು. ಜೊತೆಗೆ ಆ ಕೆಲಸಕ್ಕೆ ಸೀಸ ಇಲ್ಲದ ಬೆಸುಗೆ ತಂತಿಯೇ ಬೇಕು ಅಂತ ತರಿಸಿದ್ದರು. ಸೀಸದ್ದು ಆರಿದ ಮೇಲೆ ಮೂಗುಬೊಟ್ಟಿನ ಹಾಗೆ ಹೊಳೆಯುತ್ತದೆ. ಸೀಸ ಇಲ್ಲದ್ದು ಹೊಳೆಯುವುದಿಲ್ಲ, ಮಬ್ಬಾಗಿ ಕೂರುತ್ತದೆ. ಅದರ ಗುಣವೇ ಅದು. ಪ್ರತಿಯೊಂದನ್ನೂ ಎಳೆದು ನೋಡಿ, ಜಗ್ಗಿ ನೋಡಿ, ಚುಕ್ಕೆ ಇಟ್ಟೆ.

ಇಂಜಿನಿಯರ್ ತನ್ನ ಕಾರಿನ ಸೈಲೆನ್ಸರಿಗೆ ತೂತು ಕೊರೆಸಿ, ಸೆನ್ಸರ್ ಕೂರಿಸುವ ಬುಷ್ ವೆಲ್ಡ್ ಮಾಡಿಸಿಕೊಂಡಿದ್ದ. ಶೆಡ್ಡಿನ ಮುಂದೆ ಕಾರು ಸುಮ್ಮನೆ ಆನ್ ಮಾಡಿ ನಿಲ್ಲಿಸಿ, ಒಂದೊಂದೇ ಸೆನ್ಸರು ಹಾಕಿ ನೋಡಿದ. ಹದಿನಾಲ್ಕು ಪಾಯಿಂಟ್ ಏಳು, ಹದಿನಾಲ್ಕು ಪಾಯಿಂಟ್ ಆರು, ಮತ್ತೆ ಏಳು. ಎಲ್ಲ ಪಾಸು. ಮೊದಲ ಹನ್ನೆರಡು ಮೀಟರು ಗ್ಯಾರೇಜುಗಳಿಗೆ ಹೋದವು.

ಮೂರು ವಾರಕ್ಕೆ ಒಬ್ಬ ಗ್ಯಾರೇಜಿನವನು ಬಂದ. ರೇಸಿನ ಬೈಕು ಟ್ಯೂನ್ ಮಾಡುವವನು, ದೊಡ್ಡ ಆಳು. ಆಫೀಸಿಗೆ ಹತ್ತಲಿಲ್ಲ. ನೇರ ಶೆಡ್ಡಿಗೆ ನುಗ್ಗಿ, ನ್ಯೂಸ್ ಪೇಪರಲ್ಲಿ ಸುತ್ತಿದ್ದನ್ನು ನನ್ನ ಬೆಂಚಿನ ಮೇಲೆ ಕುಕ್ಕಿದ. ಪಿಸ್ಟನ್ನು. ತಲೆಯಲ್ಲಿ ಹೆಬ್ಬೆರಳು ತೂರುವಷ್ಟು ತೂತು, ಅಂಚೆಲ್ಲ ಮೇಣದ ಹಾಗೆ ಕರಗಿತ್ತು.

"ಏನ್ ಸಾರ್ ಇದು? ನೀವು ಮಾಡಿರೋದು ಮೀಟ್ರಾ, ಗಿಣಿಶಾಸ್ತ್ರನಾ?" ಅಂತ ಓಡಿ ಬಂದ ಇಂಜಿನಿಯರನ್ನು ಕೇಳಿದ. "ಹನ್ನೊಂದು ತೋರಿಸ್ತು. ಪೆಟ್ರೋಲು ಸಿಕ್ಕಾಪಟ್ಟೆ ಜಾಸ್ತಿ ಐತೆ ಅಂತ ಕಾರ್ಬ್ಯುರೇಟರಿಗೆ ಸಣ್ಣ ಜೆಟ್ ಹಾಕಿ, ಇನ್ನೂ ಸಣ್ಣದು ಹಾಕಿ, ಹನ್ನೆರಡೂವರೆಗೆ ತಂದೆ. ರೇಸಲ್ಲಿ ಫುಲ್ ಎಳೆಯೋಕೆ ಅಷ್ಟಿರಬೇಕು. ಸಕ್ಕತ್ ಅಂದ್ಕೊಂಡೆ ಗುರು. ಮೂರನೇ ರೌಂಡಲ್ಲಿ ಫುಲ್ ಎಳೆದಾಗ ಠಪ್ ಅಂತ ಜಾಮಾಯ್ತು. ಓಡಿಸ್ತಿದ್ದೋನು ಹಾರಿ ಬಿದ್ದು ಭುಜದ ಮೂಳೆ ಮುರ್ಕೊಂಡವ್ನೆ. ಪಿಸ್ಟನ್ ನೋಡಿದ್ರೆ ಗೊತ್ತಾಗಲ್ವಾ, ಪೆಟ್ರೋಲು ಸಾಲದೆ ಸುಟ್ಟಿರೋದು?"

ನಾನು ಪಿಸ್ಟನ್ನಿನ ತೂತು ನೋಡುತ್ತಾ ಕೂತಿದ್ದೆ. ಅವನು ತಂದಿದ್ದ ಮೀಟರಿನ ಮುಚ್ಚಳ ಬಿಚ್ಚಿದಾಗ ಮೂಲೆಯಲ್ಲಿ ನನ್ನ ಕೆಂಪು ಚುಕ್ಕೆ ಇತ್ತು. ಸೆನ್ಸರಿನ ಸ್ಟಿಕ್ಕರು ಏಳು.

ಇಂಜಿನಿಯರ್ ಭೂತಗನ್ನಡಿ ತಗೊಂಡು ಗುಂಡು ಕನೆಕ್ಟರಿನ ಒಳಗೆ ಇಣುಕಿದ. ಎರಡು ನಿಮಿಷವೂ ಆಗಲಿಲ್ಲ, ತಲೆ ಎತ್ತಿದ.

"ಡ್ರೈ ಸೋಲ್ಡರ್. ಬೆಸುಗೆ ಕಚ್ಚೇ ಇಲ್ಲ. ನೋಡಿ, ಶೈನಿಂಗೇ ಇಲ್ಲ."

"ಸಾರ್, ಆ ಬೆಸುಗೆ ವೈರು ಒಳೆಯೋದೇ ಇಲ್ಲ. ನೀವೇ ತರಿಸಿರೋ ವೈರದು," ಅಂದೆ.

"ಅಜ್ಜಿ, ನಿಮ್ಮ ಕಣ್ಣು ಯಾವಾಗ ಚೆಕ್ ಮಾಡ್ಸಿದ್ದು?"

ಅದನ್ನು ಕೇಳಿದ್ದು ಆ ಗ್ಯಾರೇಜಿನವನ ಮುಂದೆ. ಅವನು ನನ್ನ ಕಡೆ ತಿರುಗಿ ನೋಡಿದ. ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು. ಅಯ್ಯೋ ಪಾಪ ಅನ್ನುವ ಹಾಗೆ ನೋಡಿದ. ಒಬ್ಬ ಮನುಷ್ಯನ ಭುಜ ಮುರಿದವಳು ಇವಳು, ಆದರೂ ಕ್ಷಮಿಸಿದ್ದೇನೆ ಅನ್ನುವ ಹಾಗೆ. ಆ ನೋಟ ಇವತ್ತಿಗೂ ನನಗೆ ಜೀರ್ಣವಾಗಿಲ್ಲ.

ಮಾರನೇ ದಿನ ಬರುವಷ್ಟರಲ್ಲಿ ನನ್ನ ಸ್ಟೂಲು ಪ್ಯಾಕಿಂಗ್ ಟೇಬಲಿನ ಹತ್ತಿರ ಇತ್ತು. ಬಾಗಲಕೋಟೆಯವಳು ಒಂದು ಬಟ್ಟೆ ತುಂಡು, ಥಿನ್ನರಿನ ಡಬ್ಬ ಇಟ್ಟುಕೊಂಡು ಬೋರ್ಡುಗಳ ಮುಂದೆ ಸುಮ್ಮನೆ ಕೂತಿದ್ದಳು.

"ಏನೇ ಅದು?"

"ಯವ್ವಾ, ನಿಮ್ಮ ಕೆಂಪು ಚುಕ್ಕಿ ಎಲ್ಲಾ ಒರಸು ಅಂದಾರ. ಉಳಿದದ್ದೆಲ್ಲಾ ಹೊಸದಾಗಿ ಬೆಸುಗಿ ಹಾಕಿ ನಂದು ಹಸರು ಇಡು ಅಂದಾರ. ನಾ ಏನ್ ಮಾಡ್ಲಿ ಹೇಳ್ರಿ."

"ಇನ್ನೇನು ಬರೆದವ್ರೆ?"

ಅವಳು ರಿಜೆಕ್ಷನ್ ರಿಜಿಸ್ಟರು ತಂದು ಬೆರಳಿಟ್ಟು ಓದಿದಳು. "ಆಪರೇಟರ್ ಎರರ್ ಅಂತ ಬರ್ದಾರ್ರಿ. ಅಂದ್ರ ಕೆಲಸದಾಕಿ ಕೈಯಾಗಿನ ತಪ್ಪು. ಮುಂದ ನಿಮ್ಮ ನಂಬರ್ ಹಾಕ್ಯಾರ. ಒಂದು ಕಾಪಿ ಆ ಗ್ಯಾರೇಜಿನವಂಗೂ ಕೊಟ್ಟಾರಂತ."

ಆಗಲೇ ನಾನು ತೀರ್ಮಾನ ಮಾಡಿದ್ದು. ಅಳಲಿಲ್ಲ, ಕೂಗಾಡಲಿಲ್ಲ. ಅವಳ ಕೈಯಿಂದ ಥಿನ್ನರಿನ ಡಬ್ಬ ತಗೊಂಡು ಮುಚ್ಚಳ ಬಿಗಿದು ನನ್ನ ಚೀಲದೊಳಗೆ ಇಟ್ಟುಕೊಂಡೆ. ಬೆಸುಗೆ ಕಡ್ಡಿಯ ಪ್ಲಗ್ ಕಿತ್ತೆ.

"ಒಂದು ಕೀಲೂ ಮುಟ್ಟಬೇಡ," ಅಂದೆ. "ನಾನೂ ಮುಟ್ಟಲ್ಲ, ನೀನೂ ಮುಟ್ಟಬೇಡ. ಈಗ ಹೊಸದಾಗಿ ಬೆಸುಗೆ ಹಾಕಿ ಆಮೇಲೆ ಅಕಸ್ಮಾತ್ ಸರಿ ಹೋದರೆ, ತಪ್ಪು ನಂದೇ ಅಂತ ಖಾಯಂ ಆಯ್ತು. ಸರಿ ಹೋಗದಿದ್ದರೆ ನಿನ್ನ ಹಸಿರು ಚುಕ್ಕೆಗೂ ಇದೇ ಗತಿ."

ಮಾಲೀಕರು ಕೆಳಗೆ ಬಂದರು. ನಿಧಾನದ ಮನುಷ್ಯರು, ಮಾತು ಬೆಣ್ಣೆ.

"ಏನಮ್ಮಾ, ಇಷ್ಟು ವರ್ಷದಿಂದ ಇದ್ದೀರ. ವಯಸ್ಸಾಯ್ತು, ಪ್ಯಾಕಿಂಗಲ್ಲಿ ಆರಾಮಾಗಿರಿ ಅಂತ ಅಲ್ವಾ ನಾವು ಹೇಳಿದ್ದು?"

"ಆರಾಮು ಬೇಕು ಅಂತ ನಾನು ಕೇಳಿಲ್ಲ ಸಾರ್. ಆ ತಪ್ಪು ನಂದು ಅಂತ ತೋರಿಸಿ. ತೋರಿಸಿದ್ರೆ ಪ್ಯಾಕಿಂಗೂ ಬೇಡ, ಮನೆಗೇ ಓಗ್ತೀನಿ."

"ಇಂಜಿನಿಯರ್ ನೋಡಿದ್ದಾರಲ್ಲಮ್ಮ."

"ಕಣ್ಣಲ್ಲಿ ನೋಡವ್ರೆ. ಮೀಟ್ರಲ್ಲಿ ನೋಡಲಿ."

ಅಷ್ಟು ಬೇಗ ಯಾರು ಕೇಳುತ್ತಾರೆ? ಎರಡು ದಿನ ನಾನು ರಟ್ಟಿನ ಪೆಟ್ಟಿಗೆ ಮಡಚಿದೆ, ಬೋರ್ಡುಗಳು ಹಾಗೇ ಬಿದ್ದಿದ್ದವು. ಬಾಗಲಕೋಟೆಯವಳು ಬೇರೆ ಕೆಲಸ ತಗೊಂಡು ಮಾಡಿದಳು, ಇವನ್ನು ಮುಟ್ಟಲಿಲ್ಲ. ಅವಳಿಗೂ ಹೊಟ್ಟೆಪಾಡಿದೆ, ಆದರೂ ಮುಟ್ಟಲಿಲ್ಲ. ಮೂರನೇ ದಿನ, ಹೊರಗೆ ಹೋದ ಹನ್ನೆರಡರಲ್ಲಿ ಇನ್ನೊಂದು ಮೀಟರು ವಾಪಸ್ ಬಂತು. ಅದರದು ಉಲ್ಟಾ ದೂರು: ಪೆಟ್ರೋಲು ಎಷ್ಟು ಸುರಿದರೂ ಸಾಲದು ಅನ್ನುತ್ತದೆ, ಪ್ಲಗ್ಗೆಲ್ಲ ಮಸಿ. ಆಗ ಇಂಜಿನಿಯರಿಗೆ ತಲೆ ಕೆರೆತ ಶುರುವಾಯಿತು. ನಾನು ಅದೇ ಸಮಯ ನೋಡಿ ಎದ್ದು ಹೋದೆ.

"ಸಾರ್, ಒಂದು ಮಾತು. ಗಾಳೀಲಿ ಇಪ್ಪತ್ತೊಂದು ಅಂದ್ರಲ್ಲ, ಅದು ಎಲ್ಲಾ ಕಡೇನೂ ಇಪ್ಪತ್ತೊಂದೇನಾ?"

"ಹೂಂ ಅಜ್ಜಿ. ಎಲ್ಲಾ ಕಡೆ."

"ಪೀಣ್ಯದಾಗೂ?"

ಅವನಿಗೆ ನಗು ಬಂತು. "ಪೀಣ್ಯದಲ್ಲೂ."

"ಅಂಗಾದ್ರೆ ಹತ್ತು ಸೆನ್ಸರು ಗಾಳೀಲಿ ಇಡಿ. ಹತ್ತೂ ಇಪ್ಪತ್ತೊಂದು ಅನ್ನಬೇಕು ತಾನೇ? ಗಾಳಿ ಕೆಟ್ಟಿರಬೌದು, ಎಲ್ಲಾದಕ್ಕೂ ಒಂದೇ ಥರ ಕೆಟ್ಟಿರತ್ತೆ."

ಅವನ ನಗು ನಿಂತಿತು. ಕಾರಿನಲ್ಲಿ ನೋಡಿದ್ದ, ಗಾಳಿಯಲ್ಲಿ ನೋಡಿದ್ದು ಸ್ಯಾಂಪಲ್ ಒಂದನ್ನು ಮಾತ್ರ. ಈ ನಲವತ್ತನ್ನು ಗಾಳಿಯಲ್ಲಿ ಹಿಡಿದಿರಲಿಲ್ಲ.

ಕಬ್ಬಿಣದ ಸ್ಟ್ಯಾಂಡಿಗೆ ಹತ್ತು ಸೆನ್ಸರನ್ನು ದೂರ ದೂರ ನೇತು ಹಾಕಿದೆವು, ಏಳನೇದನ್ನೂ ಸೇರಿಸಿ. ಬ್ಯಾಟರಿ ಕೊಟ್ಟೆವು. ಒಳಗಿನ ಹೀಟರು ಕಾಯಲು ಅರ್ಧ ನಿಮಿಷ ಬೇಕು, ಮುಟ್ಟಿದರೆ ಬೆರಳು ಹೋಯಿತು. ಅಂಕಿಗಳು ನಿಂತ ಮೇಲೆ ಅವನು ಎರಡೆರಡು ಗುಂಡಿ ಒತ್ತುತ್ತಾ ಬಂದ, ಬಾಗಲಕೋಟೆಯವಳು ಚಾಕ್‌ಪೀಸಿನಲ್ಲಿ ಬೆಂಚಿನ ಮೇಲೆ ಬರೆಯುತ್ತಾ ಬಂದಳು. ಹದಿನೇಳು. ಇಪ್ಪತ್ತನಾಲ್ಕು. ಇಪ್ಪತ್ತೆರಡು. ಹದಿನೈದು. ಏಳನೇದು, ಆ ಪಿಸ್ಟನ್ ಸುಟ್ಟದ್ದು, ಇಪ್ಪತ್ತೊಂಬತ್ತು.

ಒಂದೇ ಶೆಡ್ಡು, ಒಂದೇ ಗಾಳಿ, ಹತ್ತು ಮಾತು.

"ಬೋರ್ಡ್ ಪ್ರಾಬ್ಲಮ್," ಅಂದ ಇಂಜಿನಿಯರ್. "ಬೋರ್ಡ್ ಸೋಲ್ಡರಿಂಗ್."

"ಅದಲು ಬದಲು ಮಾಡಿ," ಅಂದೆ.

ಏಳನೇ ಸೆನ್ಸರನ್ನು ಬೇರೆ ಮೀಟರಿಗೆ ಹಾಕಿದ. ಅಲ್ಲೂ ಇಪ್ಪತ್ತೊಂಬತ್ತು. ಮೂರನೇ ಮೀಟರಿಗೆ ಹಾಕಿದ. ಇಪ್ಪತ್ತೊಂಬತ್ತು. ಸುಳ್ಳು ಬೋರ್ಡಿನ ಹಿಂದೆ ಹೋಗುತ್ತಿರಲಿಲ್ಲ, ಸೆನ್ಸರಿನ ಹಿಂದೆ ಹೋಗುತ್ತಿತ್ತು.

"ಹಾಗಾದ್ರೆ ಸೆನ್ಸರ್ ವೈರಿನ ಜಾಯಿಂಟು. ಅದೂ ನಿಮ್ಮದೇ ಅಲ್ವಾ ಅಜ್ಜಿ."

ನನಗೆ ರೇಗಿ ಹೋಯಿತು. ಗುಂಡು ಕನೆಕ್ಟರನ್ನು ಕೈಯಲ್ಲಿ ಹಿಡಿದು ತಿರುಚಿದೆ, ಜಗ್ಗಿದೆ, ಬೆಂಚಿಗೆ ಕುಟ್ಟಿದೆ. ಅಂಕಿ ಅಲುಗಲಿಲ್ಲ. ಇಪ್ಪತ್ತೊಂಬತ್ತು ಇಪ್ಪತ್ತೊಂಬತ್ತೇ.

"ನೋಡಿ ಸಾರ್. ಬೆಸುಗೆ ಕಚ್ಚದಿದ್ರೆ ಅಂಕಿ ಕುಣೀತದೆ. ಒಂದು ಸಲ ಇಪ್ಪತ್ತು ಅನ್ನತ್ತೆ, ಒಂದು ಸಲ ಐದು, ಒಂದು ಸಲ ಸತ್ತೇ ಹೋಗ್ತದೆ. ಇದು ಕೂತಲ್ಲೇ ಕೂತು ಒಂದೇ ಸುಳ್ಳನ್ನ ಹೇಳ್ತಾ ಐತೆ. ಇಂಥ ಸುಳ್ಳು ಕೈಯಿಂದ ಬರಲ್ಲ. ಇದು ತೂಕದ ಕಲ್ಲಿನ ಸುಳ್ಳು."

ಬಾಯಿಂದ ಆ ಮಾತು ಬಿದ್ದ ಮೇಲೆ ನನಗೇ ಹೊಳೆಯಿತು. ನಮ್ಮತ್ತೆ ಯಶವಂತಪುರದಲ್ಲಿ ಅವರೆಕಾಯಿ ಮಾರುತ್ತಿದ್ದಳು. ಕಬ್ಬಿಣದ ತೂಕದ ಕಲ್ಲು ತಿರುಗಿಸಿದರೆ ತಳದಲ್ಲಿ ಒಂದು ತೂತು ಇರುತ್ತದೆ, ಅದರೊಳಗೆ ಸೀಸ. ಎರಕ ಹೊಯ್ದಾಗ ಎಲ್ಲ ಕಲ್ಲೂ ಒಂದೇ ತೂಕ ಬರುವುದಿಲ್ಲ. ಕಡಿಮೆ ಬಿದ್ದಷ್ಟು ಸೀಸ ತುಂಬಿ ಸರಿ ಮಾಡಿ, ಮೇಲೆ ಸರ್ಕಾರದ ಮುದ್ರೆ ಒತ್ತುತ್ತಾರೆ. ಯಾವ ಕಲ್ಲಿಗೆ ಎಷ್ಟು ಸೀಸ ಅನ್ನುವುದು ಆ ಕಲ್ಲಿಗೇ ಗೊತ್ತು. ಕಳ್ಳರು ಆ ಸೀಸ ಕೆರೆದು ತೆಗೆಯುತ್ತಾರೆ. ಖಾಲಿ ತಕ್ಕಡಿ ಎತ್ತಿ ಹಿಡಿದರೆ ಆಗಲೂ ಸಮವಾಗೇ ನಿಲ್ಲುತ್ತದೆ. ಮೋಸ ಗೊತ್ತಾಗುವುದು ಸಾಮಾನು ಹಾಕಿದಾಗ.

ಕಾರು ಸುಮ್ಮನೆ ನಿಂತಾಗ ಹದಿನಾಲ್ಕು ಪಾಯಿಂಟ್ ಏಳು. ಸಮ. ಅದು ಖಾಲಿ ತಕ್ಕಡಿ. ಸಮದಿಂದ ಅತ್ತ ಇತ್ತ ಸರಿದರೆ ಏಳನೇದು ಎರಡೂ ಕಡೆ ಹಿಗ್ಗಿಸಿ ಹೇಳುತ್ತಿತ್ತು: ಗಾಳಿಯಲ್ಲಿ ಆಕ್ಸಿಜನ್ನನ್ನು, ರೇಸಿನಲ್ಲಿ ಪೆಟ್ರೋಲನ್ನು.

ಬಗ್ಗಿ ಬೆಂಚಿನ ಕೆಳಗಿನ ಸರ ತೆಗೆದು ಅವನ ಮುಂದೆ ಇಟ್ಟೆ.

"ಆರನೇ ಪಿನ್ನು ಸ್ಪೇರ್ ಅಂದ್ರಲ್ಲ. ಒಡೆದು ನೋಡಣ."

ಮೊದಲನೆಯ ಕನೆಕ್ಟರಿನ ಪ್ಲಾಸ್ಟಿಕ್ಕನ್ನು ಕಟ್ಟರಿನಲ್ಲಿ ಚೂರು ಚೂರಾಗಿ ಕಿತ್ತೆ. ಒಳಗೆ, ಆರನೇ ಪಿನ್ನಿಗೂ ಕೆಂಪು ತಂತಿಯ ಪಿನ್ನಿಗೂ ನಡುವೆ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಬಿಳಿ ಬಿಲ್ಲೆ. ಅದರ ಮೇಲೆ ಕಪ್ಪು ಪಟ್ಟಿ. ಕಪ್ಪು ಪಟ್ಟಿಯ ಮೇಲೆ ಕೂದಲಿನಷ್ಟು ಸಣ್ಣ ಗೀರು, ಕಾಲು ಭಾಗದವರೆಗೆ. ಎರಡನೇದು ಒಡೆದೆ. ಅದರ ಗೀರು ಅರ್ಧದವರೆಗೆ. ಮೂರನೇದರದು ಅಂಚಿನಲ್ಲಿ ಚೂರೇ ಚೂರು. ಅವನು ಮಲ್ಟಿಮೀಟರಿನ ಕಡ್ಡಿ ಇಟ್ಟ. ಎಪ್ಪತ್ತನಾಲ್ಕು ಓಮ್. ನೂರಿಪ್ಪತ್ತೊಂದು. ನಲವತ್ತೆಂಟು.

ಒಂದೊಂದು ಸೆನ್ಸರಿಗೂ ಅದರದ್ದೇ ರೆಸಿಸ್ಟರು. ಮಾಡಿದವರು ಒಂದೊಂದನ್ನೂ ಅಳೆದು, ಗೀರಿ, ಸರಿ ಮಾಡಿ ಮೂತಿಯೊಳಗೆ ಇಟ್ಟು ಕಳಿಸಿದ್ದರು. ನಾವು ಮೂತಿ ಕತ್ತರಿಸಿ ಕಸಕ್ಕೆ ಹಾಕಿದ್ದೆವು. ಅದರ ಬದಲು ಇವನು ಬೋರ್ಡಿನ ಮೇಲೆ ಇಟ್ಟದ್ದು ಸ್ಯಾಂಪಲ್ ಸೆನ್ಸರಿಗೆ ಹೊಂದಿದ ಒಂದೇ ಅಳತೆಯ ರೆಸಿಸ್ಟರು. ಒಬ್ಬನಿಗೆ ಅಳೆದು ಹೊಲಿದ ಅಂಗಿ ನಲವತ್ತು ಜನಕ್ಕೆ ತೊಡಿಸಿದ ಹಾಗೆ.

ಇಂಜಿನಿಯರ್ ಮೇಲೆ ಹೋಗಿ ಸೆನ್ಸರಿನ ಜೊತೆ ಬಂದಿದ್ದ ಇಂಗ್ಲಿಷ್ ಕಾಗದದ ಕಟ್ಟು ತಂದ. ನಿಂತೇ ತಿರುವಿದ. ಒಂದು ಪುಟದಲ್ಲಿ ಬೆರಳು ನಿಂತಿತು.

"ಇದೆ ಅಜ್ಜಿ. ಇಲ್ಲಿ ಬರ್ದಿದ್ದಾರೆ."

"ಬರೆದವ್ರಾ?"

"ಹೂಂ."

"ಓದೋಕೆ ಬರೋರು ನೀವು. ಎಣಿಸೋಕೆ ಬರೋಳು ನಾನು. ಎಣಿಸಿ ಕೇಳಿದ್ದೆ."

ಬೇಕಾದಷ್ಟು ಹೇಳಬಹುದಿತ್ತು ನಾನು. ಕಣ್ಣು ಚೆಕ್ ಮಾಡಿಸಿ ಅನ್ನಬಹುದಿತ್ತು. ನಾಲಿಗೆ ತುದಿವರೆಗೆ ಬಂದದ್ದನ್ನು ನುಂಗಿದೆ, ಒಳ್ಳೆಯತನಕ್ಕಲ್ಲ, ಕೆಲಸ ಬಾಕಿ ಇತ್ತು.

ಸರದಲ್ಲಿ ಕತ್ತರಿಸಿದ ಸರದಿ ಹಾಗೇ ಇತ್ತು. ಮೊದಲನೆಯದು ಹದಿಮೂರನೇ ಸೆನ್ಸರಿನದು, ಕೊನೆಯದು ನಲವತ್ತನೆಯದು. ಇಪ್ಪತ್ತೆಂಟನ್ನೂ ಅಳೆದೆವು. ಬೋರ್ಡಿನ ಹಳೇ ರೆಸಿಸ್ಟರು ಕಿತ್ತು, ಆಯಾ ಸೆನ್ಸರಿನ ಅಳತೆಯದ್ದನ್ನು ಆಯಾ ಬೋರ್ಡಿಗೆ ಹಾಕಿ, ಸೆನ್ಸರಿಗೂ ಮೀಟರಿಗೂ ಒಂದೇ ನಂಬರು ಕೊಟ್ಟೆವು, ಗಂಟು ಹಾಕಿದ ಹಾಗೆ. ಗಾಳಿಯಲ್ಲಿ ಹಿಡಿದರೆ ಇಪ್ಪತ್ತೊಂದು, ಇಪ್ಪತ್ತು ಪಾಯಿಂಟ್ ಎಂಟು, ಇಪ್ಪತ್ತೊಂದು. ಹೊರಗೆ ಹೋಗಿದ್ದ ಹನ್ನೆರಡರ ಕನೆಕ್ಟರು ಕಸದ ಲಾರಿಯಲ್ಲಿ ಎಂದೋ ಹೋಗಿತ್ತು. ಅವನ್ನೆಲ್ಲ ಗ್ಯಾರೇಜುಗಳಿಂದ ವಾಪಸ್ ತರಿಸಿದರು. ಅಂಥವನ್ನು ಗಾಳಿಯಲ್ಲೇ ಇಟ್ಟು, ಇಪ್ಪತ್ತೊಂದು ಬರುವವರೆಗೆ ರೆಸಿಸ್ಟರು ಬದಲಾಯಿಸಿ ಹೊಂದಿಸಬಹುದು ಅಂದವನು ಇಂಜಿನಿಯರ್. ಅದು ಅವನ ಬುದ್ಧಿ, ನನ್ನದಲ್ಲ. ಹೊಂದಿಸಲು ಅವನೇ ಕೂತ, ಒಂದೂ ನನ್ನ ಕಡೆ ತಳ್ಳಲಿಲ್ಲ.

ನಾನು ಬೆಸುಗೆ ಹಾಕಿದೆ. ಬೋರ್ಡುಗಳ ಹಳೇ ಚುಕ್ಕೆಗಳನ್ನು ನಾನೇ ಥಿನ್ನರಿನಲ್ಲಿ ಒರೆಸಿದೆ, ಹೊಸ ಚುಕ್ಕೆ ಇಡಲಿಲ್ಲ.

ಎಂಟನೇ ದಿನ ಮಾಲೀಕರು ಇಳಿದು ಬಂದರು. ಗ್ಯಾರೇಜಿನವನು ತನ್ನ ಏಳನೇ ನಂಬರು ತಗೊಂಡು ಹೋಗಲು ಬಂದಿದ್ದ. ಬೋರ್ಡುಗಳು ಸಾಲಾಗಿ ಇದ್ದವು, ಒಂದರ ಮೂಲೆಯಲ್ಲೂ ಬಣ್ಣ ಇಲ್ಲ.

"ಚುಕ್ಕೆ ಎಲ್ಲಮ್ಮಾ?"

"ರಿಜಿಸ್ಟರು ತರಿಸಿ ಸಾರ್."

"ಎಲ್ಲಾ ಸರಿ ಹೋಯ್ತಲ್ಲ, ಬಿಡಿ ಅತ್ಲಾಗೆ. ಪೇಪರು ಯಾರು ನೋಡ್ತಾರೆ? ಅದನ್ನ ಕ್ಲೋಸ್ ಮಾಡಾಗಿದೆ."

"ಕ್ಲೋಸ್ ಮಾಡಿರೋದು ನನ್ನ ನಂಬರ್ ಮೇಲೆ. ಅದರ ಕಾಪಿ ಈಯಪ್ಪನ ಜೇಬಲ್ಲೈತೆ. ನಾಳೆ ಭುಜ ಮುರ್ಕೊಂಡೋನು ಯಾರಪ್ಪ ಮಾಡಿದ್ದು ಅಂತ ಕೇಳಿದ್ರೆ, ಪೀಣ್ಯದ ಮುದುಕಿ ಅಂತಾನೆ ಈಯಪ್ಪ."

ಗ್ಯಾರೇಜಿನವನು ತಲೆ ಬಗ್ಗಿಸಿದ. ಅಂದಿದ್ದ ಅಂತ ಕಾಣುತ್ತದೆ.

"ಅಜ್ಜಿ ತಪ್ಪಲ್ಲ ಅಂದ್ರೆ ಇನ್ಯಾರ್ದು ಗುರು?" ಅಂತ ಇಂಜಿನಿಯರನ್ನು ಕೇಳಿದ.

ಮಾಲೀಕರು ಬಾಯಿ ಹಾಕಿದರು. "ಸೆನ್ಸರ್ ಲಾಟಲ್ಲೇ ಏನೋ ತೊಂದ್ರೆ ಇತ್ತು..."

"ಇರ್ಲಿಲ್ಲ," ಅಂದ ಇಂಜಿನಿಯರ್. ಮೆಲ್ಲಗೆ ಅಂದ, ಆದರೆ ಅಂದ. "ಸೆನ್ಸರ್ ಸರಿ ಇತ್ತು ಸಾರ್. ನನಗೆ ಗೊತ್ತಿರ್ಲಿಲ್ಲ."

ರಿಜಿಸ್ಟರು ಬಂತು. ಇಂಗ್ಲಿಷಿನ ಸಾಲಿಗೆ ಅವನೇ ಅಡ್ಡಗೆರೆ ಎಳೆದ. ಕೆಳಗೆ ಬರೆಯಲು ಹೊರಟಾಗ ನಾನು ಕೈ ಅಡ್ಡ ಇಟ್ಟೆ. "ಕನ್ನಡದಲ್ಲಿ ಬರೀರಿ. ನಾನು ಓದಬೇಕು."

ಅವನು ಬರೆದ: ಕನೆಕ್ಟರ್ ಕತ್ತರಿಸಲು ಹೇಳಿದ್ದು ಇಂಜಿನಿಯರ್. ಪೆನ್ನು ಮುಚ್ಚಿದ.

"ಇನ್ನೊಂದು ಸಾಲು ಬರೀರಿ," ಅಂದೆ.

"ಇನ್ನೇನಜ್ಜಿ?"

"ಕತ್ತರಿಸಿದ್ದು ಯಾರು? ಬರೀರಿ. ಆರು ಪಿನ್ನು ಎಣಿಸಿದಳು, ಒಂದೇ ಸಲ ಕೇಳಿದಳು, ಸುಮ್ಮನಾದಳು, ಕತ್ತರಿಸಿದಳು."

"ಯಾಕ್ರಿ ಯವ್ವಾ, ಬ್ಯಾಡ್ರಿ," ಅಂತ ಬಾಗಲಕೋಟೆಯವಳು ನನ್ನ ಸೆರಗು ಜಗ್ಗಿದಳು. ಮಾಲೀಕರು ನನ್ನ ಮುಖ, ಇಂಜಿನಿಯರನ ಮುಖ ನೋಡಿದರು. ಅವನು ಬರೆದ. ನಾನು ಬೆರಳಿಟ್ಟು ಎರಡು ಸಾಲೂ ಓದಿದೆ. ನಿಧಾನಕ್ಕೆ ಓದುತ್ತೇನೆ ನಾನು, ಎಲ್ಲರೂ ಕಾದರು. ನನ್ನ ಕೈ ಬೆಸುಗೆ ಕೆಡಿಸಿರಲಿಲ್ಲ. ಕೆಡಿಸದ್ದನ್ನು ನನ್ನ ಮೇಲೆ ಹೊರಿಸಿದ್ದು ಎಷ್ಟು ಸುಳ್ಳೋ, ಮಾಡಿದ್ದನ್ನು ಬಿಟ್ಟು ಬರೆದರೆ ಅದೂ ಅಷ್ಟೇ ಸುಳ್ಳು.

ಗ್ಯಾರೇಜಿನವನು ಜೇಬಿನಿಂದ ತನ್ನ ಕಾಪಿ ತೆಗೆದು ನಾಲ್ಕು ತುಂಡು ಮಾಡಿ ಡಬ್ಬಕ್ಕೆ ಹಾಕಿದ. "ಆ ಭುಜದೋನಿಗೆ ಏನ್ ಹೇಳ್ಲಿ ಅಜ್ಜಿ?"

"ಇಲ್ಲಿರೋ ಎರಡು ಸಾಲೂ ಹೇಳು."

ನೈಲ್ ಪಾಲಿಶಿನ ಬಾಟಲಿ ಚೀಲದಲ್ಲಿತ್ತು, ಥಿನ್ನರ್ ಡಬ್ಬದ ಪಕ್ಕದಲ್ಲಿ. ಮುಚ್ಚಳ ತಿರುಗಿಸಿ, ಕುಂಚವನ್ನು ಬಾಟಲಿಯ ಬಾಯಂಚಿಗೆ ಒರೆಸಿಕೊಂಡೆ. ರಿಜಿಸ್ಟರಿನಲ್ಲಿ ನನ್ನ ಸಾಲಿನ ಮುಂದೆ ಒಂದು ಕೆಂಪು ಚುಕ್ಕೆ ಇಟ್ಟೆ. ಆರುವವರೆಗೆ ಪುಸ್ತಕ ಮುಚ್ಚಬೇಡಿ ಅಂತ ಹೇಳಿ, ಕುಂಚ ಹಿಡಿದೇ ಬೋರ್ಡುಗಳ ಕಡೆ ತಿರುಗಿದೆ.